ಬೆಲೆ ಅವರದು, ತಾರೀಖು ಅವರದು

ನಾನು ಅಂಕೋಲೆ ಕಡೆಯವಳು. ಅವ್ವ ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿ ನಮ್ಮನ್ನು ಸಾಕಿದವಳು. ಶೆಟ್ಲಿ, ಅಂದರೆ ಸಿಗಡಿ, ಸುಲಿಯುವುದು ನನಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ. ಪಿಯುಸಿ ಆದಮೇಲೆ ಓದು ಮುಂದುವರಿಸಲು ಆಗಲಿಲ್ಲ. ಊರಿಗೆ ಬಂದ ಕಾಂಟ್ರಾಕ್ಟರ್ ಒಬ್ಬನ ಮಾತು ನಂಬಿ, ಮಂಗಳೂರು ಉಡುಪಿಗಳ ನಡುವೆ ಕಡಲ ಬದಿಯಲ್ಲಿರುವ ಒಂದು ರಫ್ತು ಕಾರ್ಖಾನೆಗೆ ಸೇರಿದೆ. ಮೊದಲು ಸುಲಿಯುವ ಮೇಜು, ಆಮೇಲೆ ಗ್ರೇಡಿಂಗ್. ಅಕ್ಷರ ದುಂಡಗಿದೆ ಅಂತ ಕೊನೆಗೆ ಪ್ಯಾಕಿಂಗ್‌ನಲ್ಲಿ ಬ್ಯಾಚ್ ಶೀಟ್ ಬರೆಯುವ ಕೆಲಸಕ್ಕೂ ಹಾಕಿದರು. ಇಲ್ಲಿ ಹೇಳಬೇಕೆಂದಿರುವುದು 2024ರ ಮಳೆಗಾಲದಲ್ಲಿ ನಾವು ಅನುಭವಿಸಿದ್ದನ್ನು. ಆದರೆ ಅದು ಆ ಒಂದು ಮಳೆಗಾಲದಲ್ಲಿ ಹುಟ್ಟಿದ ಕಷ್ಟವಲ್ಲ, ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಹೊರಗೆ ಕರಾವಳಿಯ ಸೆಖೆ, ಒಳಗೆ ಮೈ ನಡುಗಿಸುವ ಚಳಿ. ಎಲ್ಲವೂ ನಿಂತೇ ಮಾಡುವ ಕೆಲಸ. ಕಾಲಿಗೆ ಗಮ್‌ಬೂಟು, ಮೈಗೆ ಆಪ್ರನ್, ಬಾಯಿಗೆ ಮಾಸ್ಕ್. ಮೇಜಿನ ಮೇಲೆ ಐಸಿನಲ್ಲಿ ಹೂತಿಟ್ಟ ಸಿಗಡಿ. ತಲೆ ಮುರಿದು, ಸಿಪ್ಪೆ ಬಿಡಿಸಿ, ಬೆನ್ನು ಸೀಳಿ ಕಪ್ಪು ನರ ಎಳೆಯಬೇಕು. ಬಾಲ ಉಳಿಸಿ ಅಂದರೆ ಉಳಿಸಬೇಕು. ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸುತ್ತಾರೆ, ಎಲ್ಲರೂ ಕ್ಲೋರಿನ್ ನೀರಿನಲ್ಲಿ ಕೈ ಅದ್ದಬೇಕು. ಸಿಗಡಿಯ ತಲೆಯ ಮುಳ್ಳು ಕೈಗವಸು ತೂರಿ ಬೆರಳಿಗೆ ನಾಟುತ್ತದೆ. ಆ ಗಾಯಕ್ಕೆ ಐಸ್ ನೀರು, ಅದರ ಮೇಲೆ ಕ್ಲೋರಿನ್. ಕೆಲವೇ ವಾರಗಳಲ್ಲಿ ಬೆರಳ ಸಂದಿನ ಚರ್ಮ ಬಿಳುಚಿಕೊಂಡು ಬಿರಿಯುತ್ತದೆ. ರಾತ್ರಿ ಹಾಸ್ಟೆಲಿನಲ್ಲಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಅಂಗೈ ಮೇಲೆ ಮಾಡಿಕೊಂಡು ಮಲಗುತ್ತಿದ್ದೆವು. ಕೂಲಿ ಕೆಜಿ ಲೆಕ್ಕದಲ್ಲಿ. ಸುಲಿದ ಮಾಲಿಗೆ ದುಡ್ಡು, ಲಾರಿ ಬರಲೆಂದು ಕಾದು ಕೂತ ಹೊತ್ತಿಗೆ ಏನೂ ಇಲ್ಲ.

ನಮ್ಮ ಮೇಜಿನಲ್ಲಿ ಕೊಪ್ಪಳದ ಒಬ್ಬ ಅಕ್ಕ ಇದ್ದಳು, ಒಡಿಶಾದ ಹುಡುಗಿಯರು ಇದ್ದರು, ಜಾರ್ಖಂಡಿನವರಿದ್ದರು. ಊರಿನಿಂದ ದಿನಾ ಬಂದುಹೋಗುವ ತುಳು ಮಾತಿನ ಹೆಂಗಸರು ಬೇರೆ ಸಾಲಿನಲ್ಲಿ. ಅವರ ಹೆಸರು ಕಂಪನಿ ಪುಸ್ತಕದಲ್ಲಿತ್ತು. ನಮ್ಮದು ಕಾಂಟ್ರಾಕ್ಟರನ ಪುಸ್ತಕದಲ್ಲಿ. ಒಡಿಶಾದವರು ಕೆಲಸಕ್ಕೆ ಬರುವ ಮೊದಲೇ ಅವರ ಮನೆಗೆ ಮುಂಗಡ ಕೊಟ್ಟಿದ್ದರು, ಅದು ತೀರುವವರೆಗೆ ಅವರ ಆಧಾರ್ ಕಾರ್ಡು ಕಾಂಟ್ರಾಕ್ಟರನ ಕೈಯಲ್ಲಿ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲಿ ನಿಂತಿರುತ್ತವೆ. ಆಗ ನಮ್ಮ ಕಾರ್ಖಾನೆ ನಡೆಯುತ್ತಿದ್ದುದು ಕೆರೆ ಸಿಗಡಿಯಿಂದ. ಆಂಧ್ರದ ಕೊಳಗಳಲ್ಲಿ ಬೆಳೆದ ವನ್ನಾಮೈ ಸಿಗಡಿ ಐಸ್ ಪೆಟ್ಟಿಗೆಗಳಲ್ಲಿ ಘಟ್ಟ ಇಳಿದು ಬರುತ್ತಿತ್ತು. ಅಮೆರಿಕಕ್ಕೆ ಹೋಗುತ್ತಿದ್ದುದು ಅದು ಮಾತ್ರ. ನಮ್ಮ ಕಡಲ ಶೆಟ್ಲಿ ಅಲ್ಲಿಗೆ ಯಾಕೆ ಹೋಗುವುದಿಲ್ಲ ಎಂದು ಒಮ್ಮೆ ಲ್ಯಾಬಿನ ಮೇಡಂ ಅವರನ್ನು ಕೇಳಿದೆ. ಆಮೆ, ಅಂದರು. ಟ್ರಾಲ್ ಬಲೆಗೆ ಬಿದ್ದ ಕಡಲಾಮೆ ಹೊರಬರಲು ದಾರಿ ಇರುವ ಸಾಧನ ನಮ್ಮ ಬೋಟುಗಳಲ್ಲಿಲ್ಲವೆಂದು 2019ರಿಂದ ಭಾರತದ ಕಡಲ ಸಿಗಡಿಯನ್ನು ಅಮೆರಿಕ ಕೊಳ್ಳುತ್ತಿಲ್ಲ. ಆ ದಿನದಿಂದ ಈ ಮಾತು ನನ್ನ ತಲೆಯಲ್ಲಿ ಕೂತಿದೆ. ಆಮೆಯ ಮೇಲೆ ನನಗೆ ಮುನಿಸಿಲ್ಲ. ಮೊಟ್ಟೆಯಿಡಲು ಅವು ನಮ್ಮೂರಿನ ಮರಳಿಗೂ ಬರುತ್ತವೆ, ನಾವು ಅವುಗಳಿಗೆ ಕೈ ಮುಗಿಯುವವರು. ಆದರೆ ಒಂದು ಪ್ರಾಣಿಗಾಗಿ ಇಡೀ ದೇಶದ ಮಾಲನ್ನು ಬಾಗಿಲಲ್ಲೇ ನಿಲ್ಲಿಸಬಲ್ಲ ಕೊಳ್ಳುವವರು, ಸುಲಿಯುವ ಕೈ ಏನಾಗಿದೆ ಎಂದು ತಮಗೆ ತಿಳಿಯುವುದಿಲ್ಲ ಅಂದರೆ ನಾನು ನಂಬಲಾರೆ.

ಇನ್ನೊಂದು ಸಂಗತಿಯೂ ಇದೆ. ಕೆರೆ ಸಿಗಡಿಯಲ್ಲಿ ಆಂಟಿಬಯಾಟಿಕ್ ಇದೆಯೇ ಎಂದು ಪ್ರತಿ ಲಾಟನ್ನೂ ಪರೀಕ್ಷೆ ಮಾಡುತ್ತಾರೆ. ನೂರು ಕೋಟಿ ಭಾಗದಲ್ಲಿ ಒಂದು ಭಾಗ, ಕೆಲವು ಔಷಧಗಳಿಗೆ ಅದಕ್ಕಿಂತಲೂ ಕಡಿಮೆ, ಅಷ್ಟನ್ನೂ ಹುಡುಕಿ ಹಿಡಿಯುತ್ತಾರೆ. ಐರೋಪ್ಯ ಒಕ್ಕೂಟವಂತೂ 2016ರಿಂದ ಭಾರತದ ಸಾಕಿದ ಸಿಗಡಿಯಲ್ಲಿ ಅರ್ಧಕ್ಕರ್ಧ ಸರಕನ್ನು ತನ್ನ ಗಡಿಯಲ್ಲೇ ತೆಗೆದು ನೋಡುತ್ತದೆ. ಯಾವ ಕೊಳ, ಯಾವ ದಿನ ಹಿಡಿದದ್ದು, ಎಷ್ಟು ಗಂಟೆಗೆ ಸುಲಿದದ್ದು, ಎಷ್ಟು ಗಂಟೆಗೆ ಫ್ರೀಜರಿಗೆ ಹೋದದ್ದು, ಯಾರು ಪರಿಶೀಲಿಸಿದ್ದು, ಎಲ್ಲವೂ ಬ್ಯಾಚ್ ಶೀಟಿನಲ್ಲಿ ಇರಲೇಬೇಕು. ಅದನ್ನು ಬರೆದು ಸಹಿ ಹಾಕುತ್ತಿದ್ದವಳು ನಾನು. ಈ ಶೀಟಿನ ಮಾತು ಮುಂದೆ ಮತ್ತೆ ಬರುತ್ತದೆ.

ಪ್ಯಾಕಿಂಗ್ ಹಾಲಿನ ಬಾಗಿಲ ಪಕ್ಕದಲ್ಲಿ ಒಂದು ಬಿಳಿ ಬೋರ್ಡು. ಅದರಲ್ಲಿ ಬೈಯರ್, ಕೌಂಟ್, ಚೀಲದ ಬಗೆ, ಕಂಟೈನರ್ ತುಂಬುವ ತಾರೀಖು. ಕೌಂಟ್ ಎಂದರೆ ಒಂದು ಪೌಂಡಿಗೆ ಎಷ್ಟು ಸಿಗಡಿ ಎನ್ನುವ ಲೆಕ್ಕ. ಅಮೆರಿಕದ ಅಂಗಡಿಗಳು ನವೆಂಬರಿನ ಹಬ್ಬಕ್ಕೆ, ಕ್ರಿಸ್‌ಮಸ್‌ಗೆ, ಹೊಸ ವರ್ಷಕ್ಕೆ ಕಡಿಮೆ ದರದ ಮಾರಾಟವನ್ನು ತಿಂಗಳುಗಳ ಮೊದಲೇ ಗೊತ್ತು ಮಾಡುತ್ತವೆ. ಚೀಲ ಇಷ್ಟೇ ಡಾಲರಿಗೆ ಎಂದು ಅವರು ನಿಶ್ಚಯಿಸಿದ ಮೇಲೆ ಆಮದುದಾರನಿಗೆ ಇಷ್ಟು, ರಫ್ತುದಾರನಿಗೆ ಇಷ್ಟು ಎಂದು ಮೇಲಿನಿಂದ ಕೆಳಗೆ ಇಳಿಯುತ್ತಾ ಬರುತ್ತದೆ. ಕೊಳದ ದರ ಏರಲಿ, ಮೇವಿನ ದರ ಏರಲಿ, ಆ ಅಂಕಿ ಅಲುಗುವುದಿಲ್ಲ. ಕರೆಂಟು ಬಿಲ್ಲನ್ನು ಇಳಿಸಲಾಗದು, ಐಸು ಇಳಿಸಲಾಗದು, ಚೀಲದ ಮುದ್ರಣ ಅವರು ಹೇಳಿದ ಕಡೆಯೇ ಆಗಬೇಕು. ಇಳಿಸಬಹುದಾದದ್ದು ಎರಡೇ: ರೈತನಿಗೆ ಕೊಡುವುದು, ನಮಗೆ ಕೊಡುವುದು. ಇದನ್ನು ನನಗೆ ಯಾರೂ ಪಾಠ ಮಾಡಿ ಹೇಳಲಿಲ್ಲ. ಬೋರ್ಡಿನ ಮುಂದೆ ನಿಂತು ಮ್ಯಾನೇಜರ್ ಫೋನಿನಲ್ಲಿ ಮಾತಾಡುವುದನ್ನು ವರ್ಷಗಟ್ಟಲೆ ಕೇಳಿ ತಿಳಿದದ್ದು. ಪೌಂಡಿಗೆ ಕೆಲವು ಸೆಂಟ್ ಇಳಿಸಿದರಂತೆ ಎಂಬ ಸುದ್ದಿ ಬಂದ ಮುಂದಿನ ತಿಂಗಳೇ ನಮ್ಮ ಕೆಜಿ ದರದಲ್ಲಿ ಚಿಲ್ಲರೆ ಕಡಿತ ಇರುತ್ತಿತ್ತು. ತಾರೀಖು ತಪ್ಪಿದರೆ ದಂಡವನ್ನೂ ಬಿಲ್ಲಿನಿಂದಲೇ ಹಿಡಿಯುತ್ತಿದ್ದರು.

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಯಿತು. ಸೂಯೆಜ್ ಕಾಲುವೆಯ ದಾರಿ ಬಿಟ್ಟು ಹಡಗುಗಳು ಆಫ್ರಿಕಾದ ಕೆಳತುದಿ ಸುತ್ತಿ ಹೋಗಬೇಕಾಯಿತು. ಪ್ರಯಾಣಕ್ಕೆ ಎರಡು ವಾರದಷ್ಟು ಹೆಚ್ಚಾಯಿತು. ಅಂಗಡಿಗೆ ಮಾಲು ತಲುಪುವ ದಿನ ಮಾತ್ರ ಮೊದಲಿನದೇ. ಆ ಎರಡು ವಾರ ಎಲ್ಲಿಂದ ಬರಬೇಕು? ನಮ್ಮ ನಿದ್ದೆಯಿಂದ ಬಂತು.

2024ರ ಆಗಸ್ಟಿನಲ್ಲಿ ಬೋರ್ಡಿನ ತಾರೀಖುಗಳನ್ನೆಲ್ಲ ಅಳಿಸಿ ಹಿಂದಕ್ಕೆ ಬರೆದರು. ಬೆಳಿಗ್ಗೆ ಆರಕ್ಕೆ ನಿಂತವರು ರಾತ್ರಿ ಒಂಬತ್ತಾದರೂ ನಿಂತೇ ಇರುತ್ತಿದ್ದೆವು. ಲಾರಿ ತಡವಾಗಿ ಬಂದ ದಿನ ನಡುರಾತ್ರಿ ಹಾಸ್ಟೆಲಿನ ಬಾಗಿಲು ಬಡಿದು ಎಬ್ಬಿಸುತ್ತಿದ್ದರು. ಐಸ್ ಕರಗಿದರೆ ಮಾಲು ಹಾಳು, ಏಳಿ ಏಳಿ. ಮಾಲು ಹಾಳಾಗುವುದು ನಿಜ. 1948ರ ಕಾರ್ಖಾನೆ ಕಾಯಿದೆ ಬರೆದವರಿಗೂ ಅದು ಗೊತ್ತಿತ್ತು, ಹೆಂಗಸರಿಗೆ ರಾತ್ರಿ ಕೆಲಸ ಕೂಡದು ಎಂದ ಅದೇ ಕಲಮಿನಲ್ಲಿ ಮೀನಿನ ಕಾರ್ಖಾನೆಗಳಿಗೆ ವಿನಾಯಿತಿ ಕೊಡಲು ದಾರಿ ಇಟ್ಟಿದ್ದರು. ಅದೇ ಕಾಯಿದೆ ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೂಲಿ ಅನ್ನುತ್ತಿತ್ತು. ವಿನಾಯಿತಿಯ ಅರ್ಧ ನಮಗೆ ತಪ್ಪದೆ ತಲುಪಿತು, ದುಪ್ಪಟ್ಟಿನ ಅರ್ಧ ತಲುಪಲಿಲ್ಲ.

ಹಾಸ್ಟೆಲಿನ ಗೇಟಿಗೆ ರಾತ್ರಿ ಬೀಗ. ನಿಮ್ಮ ರಕ್ಷಣೆಗೆ ಅನ್ನುತ್ತಿದ್ದರು. ವಾರದ ರಜೆ ಬೋರ್ಡಿನಿಂದ ಮಾಯವಾಯಿತು. ಜ್ವರ ಅಂದರೆ ಒಂದು ಮಾತ್ರೆ, ಮತ್ತೆ ಮೇಜಿಗೆ. ಆ ತಿಂಗಳುಗಳಲ್ಲಿ ಬರೆಯುವ ಕೆಲಸ ಮುಗಿದ ಮೇಲೆ ನನ್ನನ್ನೂ ಸುಲಿಯಲು ನಿಲ್ಲಿಸುತ್ತಿದ್ದರು. ನಿಂತಲ್ಲೇ ಕಣ್ಣು ಮುಚ್ಚಿದರೆ ಸೂಪರ್‌ವೈಸರ್ ಬಂದು ಮೇಜು ಕುಟ್ಟುವನು. "ಎಂತ ಮಾರಾಯ್ತಿ, ಇಲ್ಲಿಯೇ ಮಲಗುವುದಾ? ಕಂಟೈನರ್ ಹೋಗ್ಲಿ, ಮತ್ತೆ ಮಲಗು." ಅವನ ಕಣ್ಣೂ ಕೆಂಪಾಗಿರುತ್ತಿತ್ತು. ಅವನಿಗೂ ಮನೆಗೆ ಹೋಗಲು ಬಿಟ್ಟಿರಲಿಲ್ಲ.

ನನ್ನ ಬಲಗೈ ನಡುಬೆರಳಿಗೆ ಮುಳ್ಳು ಚುಚ್ಚಿದ್ದು ಆಗಲೇ. ಮೊದಲು ಉಗುರಿನ ಬುಡ ಕೆಂಪಗಾಯಿತು. ಪ್ಲಾಸ್ಟರ್ ಹಾಕಿಕೊಂಡರೆ ಮೇಜಿಗೆ ಬಿಡುವುದಿಲ್ಲ, ಮಾಲಿನಲ್ಲಿ ಬಿದ್ದರೆ ಇಡೀ ಲಾಟು ವಾಪಸ್. ಬರೇ ಕೈಗವಸು ಹಾಕಿಕೊಂಡು ನಿಂತೆ. ನಾಲ್ಕಾರು ದಿನದಲ್ಲಿ ಬೆರಳು ಬಾತು ಮಡಚಲಾಗದ ಹಾಗಾಯಿತು, ರಾತ್ರಿ ಭುಜದವರೆಗೆ ಸೆಳೆತ. ಕೊಪ್ಪಳದ ಅಕ್ಕ ಟಾರ್ಚು ಹಿಡಿದು ನೋಡಿ ಹೆದರಿದಳು. "ಯವ್ವಾ, ಇದು ಕೀವು ತುಂಬೈತಿ ತಂಗೀ. ನಾಳೆ ನೀ ದವಾಖಾನಿಗೆ ಹೋಗಾಕಬೇಕು ನೋಡು. ನಾ ಬರ್ತೀನಿ, ಆಗಿದ್ದಾಗ್ಲಿ." ಮರುದಿನ ಗೇಟಿನಲ್ಲಿ ಬಿಡಲಿಲ್ಲ. ಎರಡು ಕಂಟೈನರ್ ಇದೆ, ಆಮೇಲೆ ಕಳಿಸುತ್ತೇವೆ ಅಂದರು. ಅಕ್ಕ ಗೇಟಿನ ಮುಂದೆ ಕೂತುಬಿಟ್ಟಳು. ಅವಳು ಕೂತದ್ದನ್ನು ನೋಡಿ ಒಡಿಶಾದ ಇಬ್ಬರು ಹುಡುಗಿಯರೂ ಬಂದು ಕೂತರು. ಸಾಲ ಹೊತ್ತು ಬಂದವರು, ಭಾಷೆ ಬಾರದವರು, ಅವರಿಗೆ ಅದರಿಂದ ಏನಾಗಬಹುದೆಂದು ಗೊತ್ತಿದ್ದೂ ಕೂತರು. ಅದನ್ನು ನಾನು ಸಾಯುವವರೆಗೆ ಮರೆಯುವವಳಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಕಾಂಟ್ರಾಕ್ಟರನ ಆಟೋದಲ್ಲಿ ಕಳಿಸಿದರು. ಡಾಕ್ಟರು ಬೆರಳು ಕೊಯ್ದು ಕೀವು ತೆಗೆದರು, ಇನ್ನೆರಡು ದಿನ ತಡವಾಗಿದ್ದರೆ ಮೂಳೆಗೆ ಇಳಿಯುತ್ತಿತ್ತು ಅಂದರು. ನನ್ನ ಸಂಬಳದಲ್ಲಿ ಇಎಸ್‌ಐ ಎಂದು ಹಿಡಿಯುತ್ತಿದ್ದರು. ಆಸ್ಪತ್ರೆಯಲ್ಲಿ ನಂಬರ್ ಕೇಳಿದಾಗ ನನ್ನ ಹೆಸರಿನಲ್ಲಿ ನಂಬರೇ ಇಲ್ಲ. ಬಿಲ್ಲು ಕಾಂಟ್ರಾಕ್ಟರ್ ಕಟ್ಟಿ, ನನ್ನ ಲೆಕ್ಕದಲ್ಲಿ ಸಾಲವೆಂದು ಬರೆದುಕೊಂಡ. ಆ ಬೆರಳಿನ ತುದಿಗೆ ಈಗಲೂ ಬಿಸಿ, ತಂಪು ತಿಳಿಯುವುದಿಲ್ಲ.

ಕಟ್ಟು ಬಿಚ್ಚುವ ಮೊದಲೇ ಅಮೋನಿಯಾ ಸೋರಿದ ರಾತ್ರಿ ಬಂತು. ಶೀತಲ ಯಂತ್ರಗಳಿಗೆ ತುಂಬುವ ಅನಿಲ ಅದು. ಫ್ರೀಜರುಗಳು ಬಿಡುವಿಲ್ಲದೆ ಓಡುತ್ತಿದ್ದವು. ರಿಪೇರಿಗೆ ನಿಲ್ಲಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಈ ಶಿಪ್‌ಮೆಂಟ್ ಮುಗಿಯಲಿ ಎಂಬ ಉತ್ತರವನ್ನೂ ಕೇಳಿದ್ದೇನೆ. ನಾವು ಹಾಸ್ಟೆಲಿನಲ್ಲಿದ್ದೆವು, ಕಾರ್ಖಾನೆಯ ಹಿಂಬದಿಯ ಮಹಡಿ ಅದು. ಮೊದಲು ಕಣ್ಣು ಉರಿ, ಆಮೇಲೆ ಗಂಟಲಿಗೆ ಖಾರದ ಪುಡಿ ಸುರಿದ ಹಾಗೆ. ಉಸಿರು ಎಳೆದರೆ ಒಳಗೆ ಹೋಗುವುದಿಲ್ಲ. ಕೆಳಗಿಳಿದರೆ ಗೇಟಿಗೆ ಬೀಗ. ಕೀಲಿ ಇರುವ ವಾಚ್‌ಮನ್ ಆಚೆ ಬದಿ. ಒದ್ದೆ ದುಪಟ್ಟಾ ಮೂಗಿಗೆ ಕಟ್ಟಿಕೊಂಡು, ಒಬ್ಬರ ಸೊಂಟ ಒಬ್ಬರು ಹಿಡಿದು, ಕಿರುಚುತ್ತಾ ನಿಂತೆವು. ಬೀಗ ತೆರೆಯಲು ಎಷ್ಟು ಹೊತ್ತಾಯಿತೋ ನನಗೆ ತಿಳಿಯದು. ಗದ್ದೆ ಬಯಲಿನಲ್ಲಿ ಬೆಳಗಿನವರೆಗೆ ಮಳೆಯಲ್ಲಿ ಕೂತೆವು. ಜಾರ್ಖಂಡಿನ ಒಬ್ಬಳನ್ನು ಆಸ್ಪತ್ರೆಗೆ ಸೇರಿಸಿದರು. ಯಾರೂ ಸಾಯಲಿಲ್ಲ ಎನ್ನುವುದು ಬರೀ ಅದೃಷ್ಟ. 2022ರ ಏಪ್ರಿಲ್‌ನಲ್ಲಿ ಬಜ್ಪೆ ಬಳಿಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಗೆ ಇಳಿದು ಪಶ್ಚಿಮ ಬಂಗಾಳದ ಐವರು ಹುಡುಗರು ವಿಷಾನಿಲಕ್ಕೆ ಸತ್ತರು. ಅವರ ಮನೆಯವರಿಗೆ ಅಂಥ ಅದೃಷ್ಟ ಇರಲಿಲ್ಲ. ನಮ್ಮನ್ನು ಮರುದಿನ ಮಧ್ಯಾಹ್ನ ಮತ್ತೆ ಮೇಜಿಗೆ ನಿಲ್ಲಿಸಿದರು. ಬೋರ್ಡಿನಲ್ಲಿ ತಾರೀಖು ಬದಲಾಗಿರಲಿಲ್ಲ.

ಆಡಿಟ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅಂಗಡಿಗಳು ಕೇಳಿದವರಿಗೆಲ್ಲ ತೋರಿಸುವುದು ಅದನ್ನೇ. 2024ರ ಮಾರ್ಚ್‌ನಲ್ಲಿ ಕಾರ್ಪೊರೇಟ್ ಅಕೌಂಟೆಬಿಲಿಟಿ ಲ್ಯಾಬ್ ಎಂಬ ಅಮೆರಿಕದ ಸಂಸ್ಥೆ ಆಂಧ್ರದ ಸಿಗಡಿ ಉದ್ಯಮದ ಕಾರ್ಮಿಕರ ಸ್ಥಿತಿ ಕುರಿತು ವರದಿ ಹೊರತಂದಿತ್ತು, ಅಮೆರಿಕದ ಪತ್ರಿಕೆಗಳಲ್ಲೂ ದೊಡ್ಡ ಸುದ್ದಿಯಾಗಿತ್ತು. ಅದರ ಬಿಸಿ ನಮ್ಮ ಕಾರ್ಖಾನೆಗೂ ತಟ್ಟಿತು. ದರ ಏರಲಿಲ್ಲ, ತಾರೀಖು ಸಡಿಲವಾಗಲಿಲ್ಲ, ಆಡಿಟ್ ಮಾತ್ರ ಹೆಚ್ಚಾಯಿತು. ಅದರ ಖರ್ಚೂ ಕಾರ್ಖಾನೆಯದೇ. ಆಡಿಟ್‌ನವರು ಬರುವ ದಿನ ವಾರಗಳ ಮೊದಲೇ ಗೊತ್ತು. ಹೊಸ ಕೈಗವಸು ಬರುತ್ತಿತ್ತು, ಗೋಡೆಗೆ ಔಷಧಿ ಪೆಟ್ಟಿಗೆ ಬರುತ್ತಿತ್ತು, ಹಾಸ್ಟೆಲಿನ ಅರ್ಧ ಹಾಸಿಗೆ ಗೋದಾಮಿಗೆ ಹೋಗುತ್ತಿತ್ತು. ಕಾಂಟ್ರಾಕ್ಟರನ ಹುಡುಗಿಯರಲ್ಲಿ ಹೆಚ್ಚಿನವರನ್ನು ಬಸ್ಸಿನಲ್ಲಿ ಕೂರಿಸಿ ಬೀಚಿಗೆ ಕಳಿಸುತ್ತಿದ್ದರು. ಉಳಿದ ನಮಗೆ ಉತ್ತರ ಬಾಯಿಪಾಠ. ದಿನಕ್ಕೆ ಎಂಟು ಗಂಟೆ, ಭಾನುವಾರ ರಜೆ, ಓಟಿ ನಮ್ಮ ಇಷ್ಟ. ಬಂದ ಹೆಂಗಸು ಒಳ್ಳೆಯವರೇ, ನಯವಾಗಿ ಮಾತಾಡಿಸಿದರು. ಆದರೆ ಕೇಳಿದ್ದು ಮ್ಯಾನೇಜರ್ ಪಕ್ಕದಲ್ಲಿರುವಾಗ. ನನ್ನ ಬೆರಳಿನ ಕಟ್ಟು ನೋಡಿ, ಅಡಿಗೆ ಮಾಡುವಾಗ ಆದದ್ದಾ ಎಂದರು. ಮ್ಯಾನೇಜರ್ ಹೌದು ಅಂದರು. ಆಕೆ ಬೋರ್ಡಿನ ಮುಂದೆಯೇ ನಿಂತು ನೀರು ಕುಡಿದರು, ಅದರ ಮೇಲಿನ ತಾರೀಖುಗಳನ್ನೂ ನಮ್ಮ ಎಂಟು ಗಂಟೆಯನ್ನೂ ಕೂಡಿಸಿ ನೋಡಲಿಲ್ಲ. ಅಷ್ಟು ಜನ, ಅಷ್ಟು ಕೆಜಿ, ಅಷ್ಟು ದಿನ. ಯಾರು ಬೇಕಾದರೂ ಹಾಕಬಹುದಾದ ಲೆಕ್ಕ. ಆರ್ಡರ್ ಕೊಟ್ಟವರಿಗಂತೂ ಅದು ಕೊಡುವಾಗಲೇ ಗೊತ್ತು.

ಆಮೇಲೆ ವಕೀಲರೊಬ್ಬರು ನನಗೆ ಇನ್ನೊಂದು ವರದಿಯ ಸಾರ ಓದಿ ಹೇಳಿದರು. 2024ರ ಸೆಪ್ಟೆಂಬರ್‌ನಲ್ಲಿ ಸಸ್ಟೇನಬಿಲಿಟಿ ಇನ್‌ಕ್ಯುಬೇಟರ್ ಮತ್ತಿತರ ಸಂಸ್ಥೆಗಳು ಭಾರತ, ವಿಯೆಟ್ನಾಂ, ಇಂಡೋನೇಷ್ಯಾಗಳ ಸಿಗಡಿ ಉದ್ಯಮ ಕುರಿತು ಹೊರತಂದದ್ದು. ಪಶ್ಚಿಮದ ಸೂಪರ್‌ಮಾರ್ಕೆಟ್‌ಗಳು ಕಡಿಮೆ ದರಕ್ಕೆ ಒತ್ತಡ ಹಾಕಿದಂತೆ ಉತ್ಪಾದಕರು ಕೂಲಿಯ ಖರ್ಚನ್ನು ಕತ್ತರಿಸಿದ್ದಾರೆ, ಕೋವಿಡ್‌ಗೆ ಮುಂಚಿನದಕ್ಕೆ ಹೋಲಿಸಿದರೆ ಗಳಿಕೆ ಶೇ 20ರಿಂದ 60ರವರೆಗೆ ಇಳಿದಿದೆ ಎಂದು ಅದರಲ್ಲಿದೆ. ವಿಯೆಟ್ನಾಮಿನ ಯಾವಳೋ ಹೆಂಗಸಿನ ಕೈಯೂ ನನ್ನ ಕೈಯ ಹಾಗೇ ಬಿರಿದಿದೆ ಎಂದು ಕೇಳಿ ಅಳು ಬಂತು. ಅಲ್ಲಿಯವರೆಗೆ ನಮ್ಮ ಕಾಂಟ್ರಾಕ್ಟರ್ ಕೆಟ್ಟವನಾದ್ದರಿಂದ ನಮಗೆ ಹೀಗೆ ಅಂದುಕೊಂಡಿದ್ದ ಹುಡುಗಿಯರಿಗೆಲ್ಲ ನಾನು ಇದನ್ನು ಫೋನಿನಲ್ಲಿ ಹೇಳಿದ್ದೇನೆ. ಅವನು ಕೆಟ್ಟವನೇ, ಮ್ಯಾನೇಜರೂ ಉತ್ತರ ಹೇಳಬೇಕಾದವನೇ. ಆದರೆ ಅವರಿಬ್ಬರೂ ಬದಲಾದರೂ ಬೋರ್ಡು ಬದಲಾಗುವುದಿಲ್ಲ.

2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಮಾಲಿನ ಮೇಲೆ ಸುಂಕವನ್ನು ಶೇ 50ಕ್ಕೆ ಏರಿಸಿತು. ಮೊದಲಿನಿಂದ ಇದ್ದ ಬೇರೆ ಸುಂಕಗಳು ಇದರ ಜೊತೆಗೆ. ಒಪ್ಪಿಕೊಂಡ ಆರ್ಡರುಗಳನ್ನೇ ಬೈಯರುಗಳು ತಡೆಹಿಡಿದರು, ಸುಂಕದಲ್ಲಿ ಪಾಲು ಹೊರಿ ಅಂದರು. ಹಿಂದಿನ ವರ್ಷ ಜ್ವರವಿದ್ದರೂ ಬಿಡದ ಗೇಟು ಈಗ ಹಗಲೆಲ್ಲ ತೆರೆದೇ ಇತ್ತು. ಕಾಂಟ್ರಾಕ್ಟರನ ಮಂದಿಯನ್ನು ಮೊದಲು ಕಳಿಸಿದರು, ಒಂದು ದಿನದ ಸೂಚನೆಯಲ್ಲಿ. ಬಾಕಿ ಆಮೇಲೆ ಎಂದರು. ಒಡಿಶಾದ ಹುಡುಗಿಯರು ಮುಂಗಡ ತೀರಿಸದೆಯೇ ಹೋಗಬೇಕಾಯಿತು, ಆ ಸಾಲ ಈಗ ಬಡ್ಡಿ ಸಮೇತ ಅವರ ಅಪ್ಪಂದಿರ ಹೆಸರಿನಲ್ಲಿದೆ. ಕೊಪ್ಪಳದ ಅಕ್ಕ ಊರಿನಲ್ಲಿ ಈರುಳ್ಳಿ ಹೊಲಕ್ಕೆ ಹೋಗುತ್ತಿದ್ದಾಳೆ. ನಾನು ಮನೆಗೆ ಬಂದ ದಿನ ಅವ್ವ ನನ್ನ ಕೈ ಹಿಡಿದು ನೋಡಿ ಏನೂ ಅನ್ನಲಿಲ್ಲ. ಬಿಸಿನೀರು ಕಾಯಿಸಿಟ್ಟಳು. ಮರುದಿನ ಬೆಳಿಗ್ಗೆ, "ದುಡಿದ ದುಡ್ಡು ಬಿಡಬೇಡ ಮಗಾ" ಅಂದಳು.

ದೀಪಾವಳಿ ಕಳೆದ ಮೇಲೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟೆ. ಕೆಜಿ ದರದ ಬಾಕಿ, ಹೆಚ್ಚುವರಿ ಗಂಟೆಗಳ ದುಪ್ಪಟ್ಟು ಕೂಲಿ, ಹಿಡಿದು ಕಟ್ಟದ ಇಎಸ್‌ಐ. ಕಾರ್ಖಾನೆಯ ಉತ್ತರ ಬಂದಿದೆ: ಈ ಹೆಸರಿನವರು ನಮ್ಮಲ್ಲಿ ಕೆಲಸ ಮಾಡಿಲ್ಲ. ಕಾಂಟ್ರಾಕ್ಟರ್ ಕೊಟ್ಟ ಹಾಜರಿ ಪುಸ್ತಕದಲ್ಲಿ ನಾನು ದಿನಕ್ಕೆ ಎಂಟೇ ಗಂಟೆ ದುಡಿದಿದ್ದೇನೆ, ಪ್ರತಿ ಭಾನುವಾರ ಮನೆಯಲ್ಲಿದ್ದೇನೆ.

ನನ್ನ ಗಂಟೆ ಬೇರೆ ಕಡೆ ಇದೆ. ಹೆಪ್ಪುಗಟ್ಟಿಸಿದ ಸಿಗಡಿಯ ತಯಾರಿಕೆಯ ದಾಖಲೆಗಳನ್ನು ಎರಡು ವರ್ಷ ಇಟ್ಟಿರಬೇಕೆಂದು ಅಮೆರಿಕದ ಆಹಾರ ನಿಯಮವೇ ಹೇಳುತ್ತದೆ. 2024ರ ಆಗಸ್ಟ್, ಸೆಪ್ಟೆಂಬರಿನ ಪ್ರತಿ ಬ್ಯಾಚ್ ಶೀಟಿನ ಕೆಳಗೂ ನನ್ನ ಸಹಿ ಇದೆ, ಪಕ್ಕದಲ್ಲಿ ಸಮಯವಿದೆ. ಬೆಳಿಗ್ಗೆ ಆರೂ ಕಾಲು, ರಾತ್ರಿ ಹನ್ನೊಂದೂವರೆ, ಭಾನುವಾರ ನಸುಕಿನ ಮೂರು. ಸಿಗಡಿಗೆ ಏನಾದರೂ ದೋಷ ಬಂದರೆ ಹುಡುಕಲೆಂದು ಬೈಯರ್ ಬರೆಸಿದ ಕಾಗದ ಅದು. ಆ ಶೀಟುಗಳನ್ನು ಹಾಜರುಪಡಿಸಲು ಹೇಳಿ ಎಂದು ನಮ್ಮ ವಕೀಲರು ಅರ್ಜಿ ಹಾಕಿದ್ದಾರೆ, ಸರಕು ಕೊಂಡ ಆಮದುದಾರರಿಗೂ ಅಂಗಡಿಗಳಿಗೂ ಪ್ರತಿ ಕಳಿಸಿದ್ದಾರೆ. ಅಂಗಡಿಗಳಿಂದ ಉತ್ತರ ಬಂದಿಲ್ಲ. ಕೊಪ್ಪಳದ ಅಕ್ಕ ಸಾಕ್ಷಿ ಹೇಳಲು ಬರುತ್ತೇನೆ ಎಂದಿದ್ದಾಳೆ, ಬಸ್ ಚಾರ್ಜು ಹೊಂದಿಸುತ್ತಿದ್ದೇವೆ. ಎರಡು ವರ್ಷದ ಅವಧಿ ಆಗಸ್ಟಿನ ಶೀಟುಗಳಿಗೆ 2026ರ ಆಗಸ್ಟಿನಲ್ಲಿ, ಸೆಪ್ಟೆಂಬರಿನವಕ್ಕೆ ಸೆಪ್ಟೆಂಬರಿನಲ್ಲಿ ಮುಗಿಯುತ್ತದೆ, ಅದರೊಳಗೆ ಆ ಕಾಗದ ಅಧಿಕಾರಿಯ ಮೇಜಿಗೆ ಬರಬೇಕು.